ಅಳಿಯ ಅಮೆರಿಕದ ಸೈನಿಕ, ಮಗಳಿಗೆ ಪೌರತ್ವ ಯಾವಾಗ?

ಪ್ರಶ್ನೆ: ನಾವು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವರು. ಮಗಳು ಎಂ.ಎಸ್ಸಿ. ಮುಗಿಸಿ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಪುತ್ತೂರು ಕಡೆಯ ಒಂದು ಸಂಬಂಧ ಬಂದಿದೆ. ಹುಡುಗ ಚಿಕ್ಕವನಿದ್ದಾಗಲೇ ಅಪ್ಪ ಅಮ್ಮನ ಜೊತೆ ಅಮೆರಿಕಕ್ಕೆ ಹೋದವನು. ಈಗ ಅಲ್ಲಿನ ಪೌರ, ಅಲ್ಲಿನ ಸೈನ್ಯದಲ್ಲಿದ್ದಾನೆ. ಮುಂದಿನ ವರ್ಷ ಜರ್ಮನಿಗೆ ವರ್ಗ ಆಗಬಹುದಂತೆ. ಸೈನಿಕನ ಹೆಂಡತಿ ಅಂದ ಮೇಲೆ ಮದುವೆಯಾದ ಕೂಡಲೇ ಪೌರತ್ವ ಸಿಗುತ್ತದೆ ಎಂದು ಕೆಲವರು ಹೇಳುತ್ತಾರೆ. ಒಬ್ಬ ಏಜೆಂಟ್ ಟೂರಿಸ್ಟ್ ವೀಸಾದಲ್ಲಿ ಕಳಿಸಿ, ಅಲ್ಲೇ ಮದುವೆ ಮಾಡಿಸಿ, ಕಾಗದ ಸರಿ ಮಾಡೋಣ ಅಂತಾನೆ. ನಮಗಿರುವುದು ಇಬ್ಬರು ಹೆಣ್ಣುಮಕ್ಕಳು. ಅವಳು ಅಲ್ಲಿಯ ಪೌರತ್ವ ತೆಗೆದುಕೊಂಡರೆ ಅಡಿಕೆ ತೋಟದಲ್ಲಿ ಅವಳ ಪಾಲಿನ ಗತಿ ಏನು? ಮದುವೆ ಇಲ್ಲಿ ಮಾಡುವುದೋ, ಅಲ್ಲಿ ಮಾಡುವುದೋ?

ಉತ್ತರ: ಅಕ್ಕಾ, ಮೊದಲು ಏಜೆಂಟಿನ ಮಾತಿಗೇ ಬರುತ್ತೇನೆ. ಅದನ್ನು ಇವತ್ತೇ ನಿಲ್ಲಿಸಬೇಕು.

ಟೂರಿಸ್ಟ್ ವೀಸಾ ಸಂದರ್ಶನದಲ್ಲಿ ಅಧಿಕಾರಿ ಕೇಳುವ ಮೊದಲ ವಿಷಯವೇ ನೀವು ವಾಪಸ್ ಬರುತ್ತೀರಾ ಅನ್ನುವುದು. ಮದುವೆಯಾಗಿ ಅಲ್ಲೇ ನಿಲ್ಲುವ ಯೋಚನೆ ಮನಸ್ಸಲ್ಲಿಟ್ಟುಕೊಂಡು "ಸುತ್ತಾಡಿ ಬರುತ್ತೇನೆ" ಅಂದರೆ ಅದು ಸುಳ್ಳು ಹೇಳಿಕೆ. ಅಮೆರಿಕದ ವಲಸೆ ಕಾನೂನಿನಲ್ಲಿ ಸುಳ್ಳು ಹೇಳಿ ವೀಸಾ ಪಡೆದದ್ದು ಸಾಬೀತಾದರೆ ಆಜೀವ ತಡೆ ಬೀಳಬಹುದು. ಅದನ್ನು ತೆಗೆಸಲು ಬೇರೆಯೇ ಕ್ಷಮಾ ಅರ್ಜಿ ಹಾಕಬೇಕು. ಅದು ಸಿಕ್ಕೇ ಸಿಗುತ್ತದೆ ಎಂದು ಯಾವ ವಕೀಲನೂ ಹೇಳಲಾರ. ಗಂಡ ಸೈನಿಕ ಎಂದು ಇದಕ್ಕೆ ರಿಯಾಯಿತಿ ಇಲ್ಲ. ಸರಿಯಾದ ದಾರಿ ಕಣ್ಣೆದುರಿಗೇ ಇರುವಾಗ ಈ ಅಪಾಯ ಯಾಕೆ ಬೇಕು ಹೇಳಿ. ಏಜೆಂಟಿಗೆ ಮುಂಗಡ ಕೊಟ್ಟಿದ್ದರೆ ಕೇಳಿ ನೋಡಿ, ಕೊಡದಿದ್ದರೆ ಬಿಟ್ಟುಬಿಡಿ. ಪಾಸ್‌ಪೋರ್ಟ್ ಅವನ ಹತ್ತಿರ ಇದ್ದರೆ ಮಾತ್ರ ಇವತ್ತೇ ಹೋಗಿ ತನ್ನಿ.

ಈಗ ಮುಖ್ಯ ವಿಷಯ. ಅಮೆರಿಕದ ಪೌರನನ್ನು ಮದುವೆಯಾದ ಮಾತ್ರಕ್ಕೆ ಯಾರಿಗೂ ಪೌರತ್ವ ಬರುವುದಿಲ್ಲ. ಅವನು ಸೈನಿಕನೇ ಇರಲಿ, ಸೆನೆಟರೇ ಇರಲಿ. ಮೊದಲು ಗ್ರೀನ್ ಕಾರ್ಡ್, ಅಂದರೆ ಅಲ್ಲಿ ಕಾಯಂ ನೆಲೆಸುವ ಅನುಮತಿ, ಆಮೇಲೆ ಪೌರತ್ವ. ಸೈನಿಕನ ಹೆಂಡತಿಗೆ ಅನುಕೂಲ ಇರುವುದು ನಿಜ. ಆದರೆ ಅದರ ಬಹುಪಾಲು ಗ್ರೀನ್ ಕಾರ್ಡ್ ಕೈಗೆ ಬಂದ ಮೇಲಿನದ್ದು. ಗ್ರೀನ್ ಕಾರ್ಡಿನವರೆಗಿನ ದಾರಿಯಲ್ಲಿ ಅವಳು ಹೆಚ್ಚುಕಮ್ಮಿ ಬೇರೆ ಹೆಂಡತಿಯರ ಜೊತೆಗೇ ಸಾಲಿನಲ್ಲಿ ನಿಲ್ಲಬೇಕು. ಇದು ತಲೆಯಲ್ಲಿದ್ದರೆ ಮುಂದಿನ ಲೆಕ್ಕವೆಲ್ಲ ಸುಲಭ.

ಮದುವೆ ಎಲ್ಲಿ ಅಂದರೆ, ಇಲ್ಲೇ ಮಾಡಿ ಎಂದು ನನ್ನ ಸಲಹೆ. ಕಾರಣ ಹೇಳುತ್ತೇನೆ. ಅಲ್ಲಿ ಮದುವೆಯಾಗಬೇಕಾದರೆ ಕೆ-1 ಅನ್ನುವ ನಿಶ್ಚಿತ ವಧುವಿನ ವೀಸಾ ಬೇಕು. ಅದಕ್ಕೆ ಹುಡುಗ ಹುಡುಗಿ ಕಳೆದ 2 ವರ್ಷದೊಳಗೆ ಒಮ್ಮೆಯಾದರೂ ಮುಖಾಮುಖಿ ಭೇಟಿಯಾಗಿರಬೇಕು. ಅಲ್ಲಿ ಇಳಿದ 90 ದಿನದೊಳಗೆ ಮದುವೆಯಾಗಬೇಕು. ಅಷ್ಟಾದರೂ ಕೈಯಲ್ಲಿ ಗ್ರೀನ್ ಕಾರ್ಡ್ ಇರುವುದಿಲ್ಲ, ಅದಕ್ಕೆ ಅಲ್ಲಿಂದ ಮತ್ತೆ ಅರ್ಜಿ. ಆ ಅರ್ಜಿ ಬಾಕಿ ಇರುವಾಗ ಮುಂಗಡ ಅನುಮತಿ ಇಲ್ಲದೆ ದೇಶ ಬಿಟ್ಟರೆ ಅರ್ಜಿ ಕೈಬಿಟ್ಟಂತೆ. ಗಂಡನಿಗೆ ಆಗಲೇ ಜರ್ಮನಿಯ ಆರ್ಡರ್ ಬಂದರೆ? ಅವನು ಅಲ್ಲಿ, ಇವಳು ಒಂದು ಅಮೆರಿಕದ ಊರಿನ ಬಾಡಿಗೆ ಮನೆಯಲ್ಲಿ ಒಬ್ಬಳೇ. ಇಂಥದ್ದು ಆಗುವುದುಂಟು.

ಇಲ್ಲಿ ಮದುವೆಯಾದರೆ ಹಾಗಲ್ಲ. ಹೆಂಡತಿಯನ್ನು ಕರೆಸಿಕೊಳ್ಳಲು ಹುಡುಗ ಐ-130 ಅನ್ನುವ ಅರ್ಜಿ ಹಾಕುತ್ತಾನೆ. ಅದು ಒಪ್ಪಿಗೆಯಾದ ಮೇಲೆ ಕಡತ ರಾಷ್ಟ್ರೀಯ ವೀಸಾ ಕೇಂದ್ರಕ್ಕೆ ಹೋಗುತ್ತದೆ. ಡಿಎಸ್-260 ಅನ್ನುವ ವಲಸೆ ವೀಸಾ ಫಾರಂ ತುಂಬಬೇಕು, ದಾಖಲೆ ಅಪ್‌ಲೋಡ್ ಮಾಡಬೇಕು, ಆಮೇಲೆ ಮುಂಬೈ ಕಾನ್ಸುಲೇಟಿನಲ್ಲಿ ಸಂದರ್ಶನ. ಭಾರತದಲ್ಲಿ ವಲಸೆ ವೀಸಾಕ್ಕೆ ಚೆನ್ನೈಯೋ ಹೈದರಾಬಾದೋ ಹತ್ತಿರ ಅಲ್ವಾ ಎಂದು ಕೇಳುವವರಿದ್ದಾರೆ. ಅಲ್ಲ, ಮುಂಬೈಯೇ. ಕಾಸರಗೋಡಿನಲ್ಲಿ ನೇತ್ರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ಆಯಿತು. ವೈದ್ಯಕೀಯ ತಪಾಸಣೆಯೂ ಕಾನ್ಸುಲೇಟ್ ಒಪ್ಪಿದ ವೈದ್ಯರ ಹತ್ತಿರವೇ ಆಗಬೇಕು, ಹಾಗಾಗಿ ಕೆಲವು ದಿನ ಇಟ್ಟುಕೊಂಡೇ ಹೋಗಿ. ಇಡೀ ಕೆಲಸಕ್ಕೆ ವರ್ಷಕ್ಕಿಂತ ಜಾಸ್ತಿ ಹಿಡಿಯುವುದು ಸಾಮಾನ್ಯ. ಆದರೆ ಈ ದಾರಿಯಲ್ಲಿ ವೀಸಾ ಹಿಡಿದು ಅಮೆರಿಕದ ವಿಮಾನ ನಿಲ್ದಾಣ ದಾಟಿದ ದಿನವೇ ಅವಳು ಕಾಯಂ ನಿವಾಸಿ. ಕಾರ್ಡ್ ಆಮೇಲೆ ಅಂಚೆಯಲ್ಲಿ ಬರುತ್ತದೆ. ಮದುವೆಯಾಗಿ 2 ವರ್ಷ ತುಂಬುವ ಮೊದಲೇ ಹೋದರೆ ಸಿಗುವುದು 2 ವರ್ಷದ ಷರತ್ತಿನ ಕಾರ್ಡ್. ಅದು ಮುಗಿಯುವ ಮೊದಲಿನ 90 ದಿನದಲ್ಲಿ ಷರತ್ತು ತೆಗೆಸಲು ಐ-751 ಹಾಕಬೇಕು. ಇದನ್ನು ಮರೆತು ಒದ್ದಾಡುವವರು ಜಾಸ್ತಿ. ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಡಲು ಹೇಳಿ.

ಸೈನಿಕನಿಗೆ ಈ ಹಂತದಲ್ಲಿ ಸಿಗುವ ಸಣ್ಣ ಸೌಲಭ್ಯಗಳು ಕೆಲವು ಇವೆ. ಹೆಂಡತಿಯನ್ನು ಸಾಕುವ ಆದಾಯ ಇದೆ ಎಂದು ತೋರಿಸುವಾಗ ಬೇರೆಯವರು ಅಲ್ಲಿನ ಬಡತನ ರೇಖೆಯ ಶೇ. 125ರಷ್ಟು ತೋರಿಸಬೇಕು. ಸೇವೆಯಲ್ಲಿರುವ ಸೈನಿಕನಿಗೆ ಶೇ. 100 ಸಾಕು. ವಿದೇಶದ ನೆಲೆಯಲ್ಲಿ ಈಗಾಗಲೇ ಇರುವ ಸೈನಿಕ ಅಲ್ಲಿನ ಅಮೆರಿಕನ್ ಕಾನ್ಸುಲೇಟಿನಲ್ಲೇ ಐ-130 ಕೊಡಲು ಕೇಳಿಕೊಳ್ಳಬಹುದು. ಯುದ್ಧಭೂಮಿಗೆ ಹೊರಡುವ ಆರ್ಡರ್ ಇದ್ದರೆ ಕಡತ ಬೇಗ ನೋಡಿ ಎಂದು ಕೋರಬಹುದು. ಇನ್ನೂ ಮುಖ್ಯವಾದದ್ದು, ಅವರ ನೆಲೆಯಲ್ಲಿ ಸೈನ್ಯದ ಕಾನೂನು ನೆರವಿನ ಕಚೇರಿ ಇರುತ್ತದೆ. ಜಾಗ್ ಎಂದು ಕರೆಯುತ್ತಾರೆ. ಅಲ್ಲಿ ಸಲಹೆ ಪುಕ್ಕಟೆ. ನಿಮ್ಮ ಏಜೆಂಟಿಗಿಂತ ಅವರಿಗೆ ಈ ವಿಷಯ ಚೆನ್ನಾಗಿ ಗೊತ್ತು.

ಮದುವೆಯ ತಯಾರಿಯಲ್ಲಿ ಒಂದು ಮಾತು. ಜೋಯಿಸರ ಹತ್ತಿರ ಮುಹೂರ್ತ ಕೇಳುವ ಮೊದಲು ಹುಡುಗನ ಕಮಾಂಡರ್ ಹತ್ತಿರ ಕೇಳಲಿ. ರಜೆಗೆ, ವಿದೇಶ ಪ್ರಯಾಣಕ್ಕೆ ಅವನಿಗೆ ಮೇಲಿನ ಒಪ್ಪಿಗೆ ಬೇಕು. ಲಗ್ನಪತ್ರಿಕೆ ಅಚ್ಚಾದ ಮೇಲೆ ರಜೆ ರದ್ದಾದರೆ ಯಾರನ್ನೂ ಬೈಯುವ ಹಾಗಿಲ್ಲ. ಅವನು ಬರಲಾಗದಿದ್ದರೆ ವಿಡಿಯೊದಲ್ಲಿ ಮದುವೆ ಮಾಡಿಬಿಡೋಣ ಎಂಬ ಐಡಿಯಾ ಯಾರಾದರೂ ಕೊಟ್ಟಾರು. ವಧು ವರ ಎದುರೆದುರು ಇಲ್ಲದೆ ಆದ ಮದುವೆಯನ್ನು ಅಮೆರಿಕದ ವಲಸೆ ಕಾನೂನು, ಆಮೇಲೆ ಇಬ್ಬರೂ ಸೇರಿ ಸಂಸಾರ ಮಾಡಿದ ಹೊರತು ಒಪ್ಪುವುದಿಲ್ಲ. ಬೇಡ.

ಇಬ್ಬರೂ ಹಿಂದೂಗಳಾದ್ದರಿಂದ ಸಂಪ್ರದಾಯದ ಮದುವೆ ಸಾಕು, ನೋಂದಣಿ ಮಾತ್ರ ಕಡ್ಡಾಯ. ಕೇರಳದಲ್ಲಿ 2008ರ ನಿಯಮದ ಪ್ರಕಾರ ಮದುವೆಯಾದ 45 ದಿನದೊಳಗೆ, ಮದುವೆ ನಡೆದ ಜಾಗದ ಪಂಚಾಯತ್ ಅಥವಾ ನಗರಸಭೆಯಲ್ಲಿ ನೋಂದಾಯಿಸಬೇಕು. ನಿಮ್ಮ ಮನೆ ಇರುವ ಪಂಚಾಯತ್ ಅಲ್ಲ, ಮದುವೆ ನಡೆದ ಜಾಗದ್ದು. ನಮ್ಮ ಕಡೆಯ ಎಷ್ಟೋ ಮದುವೆ ಮಂಗಳೂರಿನ ಹಾಲ್‌ನಲ್ಲೋ ಪುತ್ತೂರಿನಲ್ಲೋ ಆಗುತ್ತದೆ. ಹಾಗಾದರೆ ಅದು ಕರ್ನಾಟಕದ ನೋಂದಣಿ, ಅಲ್ಲಿಯ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ಹುಡುಗ ರಜೆ ಮುಗಿಸಿ ಹೊರಡುವ ಮೊದಲು ಸರ್ಟಿಫಿಕೇಟ್ ಕೈಗೆ ಬರುವ ಹಾಗೆ ದಿನ ಇಟ್ಟುಕೊಳ್ಳಿ. ಹುಡುಗ ಬೇರೆ ಧರ್ಮದವನಾಗಿದ್ದರೆ 1954ರ ವಿಶೇಷ ವಿವಾಹ ಕಾಯ್ದೆಯಡಿ 30 ದಿನದ ನೋಟಿಸ್ ಕೊಟ್ಟು ಮದುವೆಯಾಗಬೇಕಾಗುತ್ತಿತ್ತು. ನಿಮಗೆ ಅದರ ಗೊಡವೆ ಇಲ್ಲ.

ಇನ್ನು ಹೆಸರಿನ ರಗಳೆ. ನಮ್ಮ ಕಾಸರಗೋಡಿನವರ ಕಡತ ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲಿಯೇ. ಒಬ್ಬಳು ವಿದ್ಯಾಲಕ್ಷ್ಮಿ ಇದ್ದಾಳೆ ಅಂತಿಟ್ಟುಕೊಳ್ಳಿ. ಕನ್ನಡ ಮೀಡಿಯಂ ಶಾಲೆಯ ದಾಖಲೆಯಲ್ಲಿ ಬರೇ ವಿದ್ಯಾಲಕ್ಷ್ಮಿ. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಕೊನೆಗೆ ಒಂದು 'ಕೆ', ಅದು ಮನೆ ಹೆಸರಿನದ್ದು. ಜನನ ಪ್ರಮಾಣಪತ್ರ ಬರೆದ ಗುಮಾಸ್ತರು ಮಲಯಾಳದಲ್ಲಿ ಕೇಳಿದ ಹಾಗೆ ಬರೆದು, ಇಂಗ್ಲಿಷಿನಲ್ಲಿ ಒಂದು ಎಚ್ ಜಾಸ್ತಿ ಸೇರಿಸಿದ್ದಾರೆ. ಪಾಸ್‌ಪೋರ್ಟಿನಲ್ಲಿ ಹೆಸರಿನ ಕಾಲಂ ತುಂಬಿದೆ, ಸರ್‌ನೇಮ್ ಕಾಲಂ ಖಾಲಿ. ಈ ಖಾಲಿ ಕಾಲಂನಿಂದ ಏನಾಗುತ್ತದೆ ಗೊತ್ತಾ? ಅಮೆರಿಕದ ವೀಸಾದಲ್ಲಿ 'ವಿದ್ಯಾಲಕ್ಷ್ಮಿ' ಸರ್‌ನೇಮ್ ಜಾಗಕ್ಕೆ ಹೋಗುತ್ತದೆ. ಅವಳ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಮೂರು ಅಕ್ಷರ ಬರುತ್ತದೆ, ಮೊದಲ ಹೆಸರು ತಿಳಿದಿಲ್ಲ ಎಂದು. ಆಮೇಲೆ ಸೋಷಿಯಲ್ ಸೆಕ್ಯುರಿಟಿ ಕಾರ್ಡ್, ಬ್ಯಾಂಕು, ಸೈನ್ಯದ ಕುಟುಂಬ ಗುರುತಿನ ಚೀಟಿ, ಎಲ್ಲ ಕಡೆ ಆ ಮೂರು ಅಕ್ಷರವನ್ನು ವಿವರಿಸುತ್ತಾ ಕೂರಬೇಕು.

ಹಾಗಾಗಿ ಐ-130 ಹಾಕುವ ಮೊದಲೇ ಪಾಸ್‌ಪೋರ್ಟ್ ಸರಿಮಾಡಿಸಿ. ಸರ್‌ನೇಮ್ ಜಾಗಕ್ಕೆ ಅಪ್ಪನ ಹೆಸರೋ ಮನೆ ಹೆಸರೋ ಯಾವುದನ್ನಾದರೂ ಹಾಕಿ, ಆದರೆ ಒಂದನ್ನೇ ಹಿಡಿದುಕೊಳ್ಳಿ. ಮದುವೆ ಸರ್ಟಿಫಿಕೇಟಿನಲ್ಲೂ ಅದೇ ಕಾಗುಣಿತ ಇರಲಿ. ಗಂಡನ ಹೆಸರು ಸೇರಿಸಿಕೊಳ್ಳುವ ಆಸೆ ಇದ್ದರೆ ಅದನ್ನು ಈಗಲೇ ಮಾಡಿ, ಇಲ್ಲವೇ ಗ್ರೀನ್ ಕಾರ್ಡ್ ಬಂದ ಮೇಲೆ ಮಾಡಿ. ಮಧ್ಯದಲ್ಲಿ ಬೇಡ. ಪೊಲೀಸ್ ಕ್ಲಿಯರೆನ್ಸ್ ಠಾಣೆಯಿಂದ ತಂದರೆ ಆಗುವುದಿಲ್ಲ, ಅದು ಪಾಸ್‌ಪೋರ್ಟ್ ಕಚೇರಿಯಿಂದಲೇ ಬರಬೇಕು. ನಮ್ಮ ಜಿಲ್ಲೆ ಕೋಯಿಕ್ಕೋಡ್ ಪಾಸ್‌ಪೋರ್ಟ್ ಕಚೇರಿಯ ವ್ಯಾಪ್ತಿಗೆ ಬರುತ್ತದೆ. ಕನ್ನಡ, ಮಲಯಾಳದಲ್ಲಿರುವ ಪ್ರತಿಯೊಂದು ದಾಖಲೆಗೂ ಇಂಗ್ಲಿಷ್ ಅನುವಾದ ಬೇಕು. ಅನುವಾದ ಮಾಡಿದವರು "ನನಗೆ ಎರಡೂ ಭಾಷೆ ಗೊತ್ತು, ಇದು ಸರಿಯಾಗಿದೆ" ಎಂದು ಬರೆದು ಸಹಿ ಹಾಕಿರಬೇಕು. ಲಗ್ನಪತ್ರಿಕೆಯನ್ನೂ ಅನುವಾದ ಮಾಡಿಸಿ. ಹಿರಿಯರ ಹೆಸರೆಲ್ಲ ಇರುವ ನಮ್ಮ ಲಗ್ನಪತ್ರಿಕೆ ಒಳ್ಳೆಯ ಸಾಕ್ಷಿ. ನೋಡಿ ಮಾಡಿದ ಮದುವೆ ಎಂದು ಹೇಳಲು ಹಿಂಜರಿಯುವುದೇನೂ ಬೇಡ. ಮುಂಬೈಯ ಅಧಿಕಾರಿಗಳು ದಿನಾ ಅಂಥ ಮದುವೆಗಳನ್ನೇ ನೋಡುವವರು. ಅವರಿಗೆ ಬೇಕಾದ್ದು ಎರಡೂ ಮನೆಯವರು ಇರುವ ಫೋಟೊ, ನಿಶ್ಚಿತಾರ್ಥದಿಂದ ಈಚೆಗಿನ ಮಾತುಕತೆ, ಹುಡುಗ ಬಂದುಹೋದ ಟಿಕೆಟ್.

ಈಗ ಪೌರತ್ವ. ಗ್ರೀನ್ ಕಾರ್ಡ್ ಬಂದ ಮೇಲೆ ಸಾಮಾನ್ಯರಿಗೆ 5 ವರ್ಷ ಕಾಯಬೇಕು. ಅಮೆರಿಕದ ಪೌರನ ಜೊತೆ ಸಂಸಾರ ಮಾಡುತ್ತಿರುವ ಹೆಂಡತಿಗೆ 3 ವರ್ಷ, ಅದರಲ್ಲಿ ಕನಿಷ್ಠ 18 ತಿಂಗಳು ಆ ದೇಶದ ನೆಲದಲ್ಲಿ ಇರಬೇಕು. ನಿಮ್ಮ ನೆಂಟರು ಹೇಳಿದ "ಕೂಡಲೇ ಪೌರತ್ವ" ಹುಟ್ಟಿದ್ದು ಅಲ್ಲಿನ ವಲಸೆ ಕಾಯ್ದೆಯ 319(ಬಿ) ಕಲಮಿನಿಂದ. ಅದು ಸುಳ್ಳಲ್ಲ, ಅರ್ಧ ಕೇಳಿಸಿಕೊಂಡದ್ದು. ಗಂಡನಿಗೆ ಸರ್ಕಾರಿ ಆದೇಶದ ಮೇಲೆ ಕನಿಷ್ಠ 1 ವರ್ಷಕ್ಕೆ ವಿದೇಶದಲ್ಲಿ ನೇಮಕ ಆಗಿರಬೇಕು. ಹೆಂಡತಿ ಗ್ರೀನ್ ಕಾರ್ಡ್ ಹೊಂದಿರಬೇಕು. ಅವನ ಜೊತೆ ಅಲ್ಲಿ ಹೋಗಿ ಬಾಳುತ್ತೇನೆ, ನೇಮಕ ಮುಗಿದ ಮೇಲೆ ಅಮೆರಿಕಕ್ಕೆ ಮರಳುತ್ತೇನೆ ಎನ್ನಬೇಕು. ಇಷ್ಟಿದ್ದರೆ 3 ವರ್ಷ, 18 ತಿಂಗಳು ಯಾವುದೂ ಇಲ್ಲ. ಎನ್-400 ಅನ್ನುವ ಪೌರತ್ವದ ಅರ್ಜಿಯ ಜೊತೆ ಗಂಡನ ವರ್ಗದ ಆರ್ಡರ್, ಸೈನ್ಯದವರು ಸಹಿ ಮಾಡಿದ ಡಿಡಿ 1278 ಅನ್ನುವ ಫಾರಂ ಇಡಬೇಕು. ಇಂಗ್ಲಿಷ್ ಮತ್ತು ಆ ದೇಶದ ಇತಿಹಾಸ, ಆಡಳಿತದ ಪರೀಕ್ಷೆಗೆ ಮಾತ್ರ ವಿನಾಯಿತಿ ಇಲ್ಲ. ಎಂ.ಎಸ್ಸಿ. ಮಾಡಿದವಳಿಗೆ ಅದು ದೊಡ್ಡದಲ್ಲ. ಅರ್ಜಿಯ ಫೀಸು ಸೈನಿಕನಿಗೆ ಮಾಫಿ, ಹೆಂಡತಿಗೆ ಅಲ್ಲ.

ನಿಮ್ಮ ವಿಷಯದಲ್ಲಿ ತೊಡಕು ಸಮಯದ್ದು. ವರ್ಗ ಮುಂದಿನ ವರ್ಷ, ವೀಸಾಕ್ಕೆ ವರ್ಷಕ್ಕಿಂತ ಜಾಸ್ತಿ. ಹಾಗಾಗಿ ಅವಳ ವೀಸಾ ಬರುವ ಹೊತ್ತಿಗೆ ಹುಡುಗ ಜರ್ಮನಿಯಲ್ಲಿರುತ್ತಾನೆ. ಆಗ ಎರಡು ದಾರಿ. ಒಂದು, ಅವಳು ಮೊದಲು ಅಮೆರಿಕಕ್ಕೆ ಹೋಗಿ, ಅತ್ತೆ ಮಾವನ ಮನೆಯಲ್ಲಿ ಉಳಿದು, 319(ಬಿ)ಯಡಿ ಅರ್ಜಿ ಹಾಕಿ, ಸಂದರ್ಶನ, ಪ್ರಮಾಣವಚನ ಮುಗಿಸಿ ಜರ್ಮನಿಗೆ ಹೋಗುವುದು. ಎರಡು, ಅಮೆರಿಕದಲ್ಲಿ ಇಳಿದು ಕಾಯಂ ನಿವಾಸಿಯಾಗಿ ಜರ್ಮನಿಗೆ ಹೋಗಿಬಿಡುವುದು. ಬೇರೆ ಗ್ರೀನ್ ಕಾರ್ಡಿನವರು ವರ್ಷಗಟ್ಟಲೆ ಹೊರಗಿದ್ದರೆ ಕಾರ್ಡ್ ಕಳೆದುಕೊಳ್ಳುತ್ತಾರೆ. ಗಂಡನ ಆರ್ಡರಿನಲ್ಲಿ ಹೆಸರಿರುವ ಸೈನಿಕನ ಹೆಂಡತಿಗೆ ಆ ಭಯ ಇಲ್ಲ. 2008ರಿಂದ ಇನ್ನೊಂದು ಅನುಕೂಲವೂ ಇದೆ. ಹಾಗೆ ಜೊತೆಗಿದ್ದ ಸಮಯವನ್ನು ಅಮೆರಿಕದಲ್ಲೇ ಇದ್ದ ಹಾಗೆ ಲೆಕ್ಕ ಹಿಡಿಯುತ್ತಾರೆ, 3 ವರ್ಷ ತುಂಬಿದಾಗ ಪೌರತ್ವದ ಕೆಲಸ ವಿದೇಶದ ನೆಲೆಯಲ್ಲೇ ಮುಗಿಸಬಹುದು.

ನನ್ನನ್ನು ಕೇಳಿದರೆ ನಾನು ಎರಡನೆಯದನ್ನೇ ಹೇಳುತ್ತೇನೆ. ಹೊಸ ಮದುಮಗಳು ಪಾಸ್‌ಪೋರ್ಟ್ ಬಣ್ಣ ಬದಲಿಸಲು ಗಂಡನನ್ನು ಬಿಟ್ಟು ತಿಂಗಳುಗಟ್ಟಲೆ ಕಾಯುವುದರಲ್ಲಿ ಏನು ಲಾಭ? ಆದರೆ ಎರಡೂ ದಾರಿಗೆ ಒಂದು ಷರತ್ತು: ವರ್ಗದ ಆರ್ಡರಿನಲ್ಲಿ ಹೆಂಡತಿಯನ್ನು ಕರೆದೊಯ್ಯಲು ಅನುಮತಿ ಇರಬೇಕು. ಕೊರಿಯದ ಕೆಲವು ನೇಮಕಗಳ ಹಾಗೆ ಒಬ್ಬನೇ ಹೋಗುವ ಆರ್ಡರ್ ಆದರೆ ಇವು ಯಾವುವೂ ಅನ್ವಯಿಸುವುದಿಲ್ಲ. ಹುಡುಗನ ಹತ್ತಿರ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಸಂಬಳದ್ದು ಆಮೇಲೆ.

ನೀವು ಕೇಳದ್ದನ್ನೂ ಒಂದೆರಡು ಮಾತಲ್ಲಿ ಹೇಳಿಬಿಡುತ್ತೇನೆ, ತಪ್ಪು ತಿಳಿಯಬೇಡಿ. ಸೇವೆಯಲ್ಲಿರುವಾಗ ಗಂಡನಿಗೆ ಏನಾದರೂ ಆದರೆ ಹೆಂಡತಿಯನ್ನು ಆ ಕಾನೂನು ನಡುದಾರಿಯಲ್ಲಿ ಬಿಡುವುದಿಲ್ಲ. ಗ್ರೀನ್ ಕಾರ್ಡಿಗೂ ಪೌರತ್ವಕ್ಕೂ ಅವಳಿಗೆ ಪ್ರತ್ಯೇಕ ದಾರಿ ಇದೆ. ಸಂಸಾರ ಸರಿಹೋಗದಿದ್ದರೆ, ಹಿಂಸೆ ಇದ್ದರೆ, ಗಂಡನಿಗೆ ತಿಳಿಯದ ಹಾಗೆ ಅವಳೇ ಸ್ವಂತವಾಗಿ ಅರ್ಜಿ ಹಾಕಬಹುದು. ಷರತ್ತಿನ ಕಾರ್ಡ್ ಇದೆ ಎಂದು ಸಹಿಸಿಕೊಂಡು ಕೂರಬೇಕಾಗಿಲ್ಲ. ಇದು ಮಗಳಿಗೆ ಗೊತ್ತಿರಲಿ.

ಇನ್ನು ಭಾರತದ ಕಡೆ. ನಮ್ಮಲ್ಲಿ ಎರಡು ಪೌರತ್ವ ಇಲ್ಲ. ಅಲ್ಲಿ ಪ್ರಮಾಣವಚನ ತೆಗೆದುಕೊಂಡ ದಿನವೇ 1955ರ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ ಭಾರತದ ಪೌರತ್ವ ಹೋಗುತ್ತದೆ. ಪಾಸ್‌ಪೋರ್ಟಿನ ಅವಧಿ ಇನ್ನೂ ಇದೆ ಎಂದು ಅದನ್ನೇ ಹಿಡಿದು ಊರಿಗೆ ಬರುವ ಹಾಗಿಲ್ಲ. ಅದನ್ನು ಒಪ್ಪಿಸಿ, ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಮಾಡಿಸಿಕೊಳ್ಳಬೇಕು. ಹುಟ್ಟು ಭಾರತೀಯಳಾದ್ದರಿಂದ ಅವಳಿಗೆ ಸಿಗುತ್ತದೆ. ಅಳಿಯನಿಗೆ? ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ಇದು: ವಿದೇಶಿ ಸೈನ್ಯದಲ್ಲಿ ಇರುವವರಿಗೂ, ನಿವೃತ್ತರಾದವರಿಗೂ ಒಸಿಐ ಇಲ್ಲ. ಪುತ್ತೂರಿನಲ್ಲಿ ಹುಟ್ಟಿದವನಾದರೂ ಇಲ್ಲ. ಅವನು ಪ್ರತಿ ಸಲ ವೀಸಾದಲ್ಲೇ ಅತ್ತೆ ಮನೆಗೆ ಬರಬೇಕು. ಭಾರತದ ವೀಸಾ ಫಾರಂನಲ್ಲಿ ಸೈನ್ಯದಲ್ಲಿ ಇದ್ದೀರಾ, ಹುದ್ದೆ ಏನು, ನೇಮಕ ಎಲ್ಲಿ ಎಂಬ ಪ್ರಶ್ನೆ ಇದೆ. "ಸುಮ್ನೆ ಇಲ್ಲ ಅಂತ ಹಾಕು" ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಇದ್ದದ್ದನ್ನು ಇದ್ದ ಹಾಗೆ ಬರೆಯಲಿ. ಉತ್ತರಕ್ಕೆ ಸ್ವಲ್ಪ ಹೆಚ್ಚು ದಿನ ಹಿಡಿದೀತು, ಹಾಗಾಗಿ ಮದುವೆಗೆ ಬರುವ ವೀಸಾಕ್ಕೆ ಬೇಗನೆ ಅರ್ಜಿ ಹಾಕಲಿ.

ಕೊನೆಗೆ ತೋಟ. ನೀವು ಪೌರತ್ವದ ಬಗ್ಗೆ ಚಿಂತೆ ಮಾಡುತ್ತಿದ್ದೀರಿ. ಆದರೆ ಕೃಷಿ ಭೂಮಿಯ ವಿಷಯದಲ್ಲಿ ಗೆರೆ ಬೀಳುವುದು ಅದಕ್ಕಿಂತ ಮೊದಲೇ, ಅವಳು ನೆಲೆಸಲು ವಿಮಾನ ಹತ್ತಿದ ದಿನ. ವಿದೇಶಿ ವಿನಿಮಯ ಕಾನೂನಿನ ಪ್ರಕಾರ ಹೊರಗೆ ನೆಲೆಸಿದವರು, ಭಾರತದ ಪಾಸ್‌ಪೋರ್ಟ್ ಇರಲಿ, ಒಸಿಐ ಇರಲಿ, ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಕ್ರಯಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ದಾನಪತ್ರದಲ್ಲೂ ಪಡೆಯುವ ಹಾಗಿಲ್ಲ. ಅಪ್ಪ ಅಮ್ಮ ಕೊಟ್ಟರೂ ಇಲ್ಲ. ಆದರೆ ಪಿತ್ರಾರ್ಜಿತವಾಗಿ ಬರುವುದಕ್ಕೆ ಅಡ್ಡಿ ಇಲ್ಲ, ವೀಲುನಾಮೆಯಿಂದ ಬಂದರೂ ಸರಿ. ಇಲ್ಲಿ ವಾಸ ಇದ್ದಾಗಲೇ ಹೆಸರಿಗೆ ಬಂದ ಜಾಗವನ್ನು ಆಮೇಲೆ ಇಟ್ಟುಕೊಳ್ಳುವುದಕ್ಕೂ ಅಡ್ಡಿ ಇಲ್ಲ.

ಅಂದರೆ ನಿಮ್ಮ ಮುಂದೆ ಇರುವುದು ಇಷ್ಟು. ಇಬ್ಬರು ಮಕ್ಕಳಿಗೂ ಈಗಲೇ ಪಾಲು ಮಾಡುವ ಮನಸ್ಸಿದ್ದರೆ ಅವಳು ಹೊರಡುವ ಮೊದಲು ಪತ್ರ ನೋಂದಣಿ ಆಗಲಿ, ಪೋಕುವರವು (ಖಾತೆ ಬದಲಾವಣೆ) ಮಾಡಿಸಿ ಅವಳ ಹೆಸರಲ್ಲಿ ಭೂ ತೆರಿಗೆ ಕಟ್ಟಿದ ರಸೀದಿಯೂ ಕೈಗೆ ಬರಲಿ. ಈಗ ಬೇಡ ಅನಿಸಿದರೆ ವೀಲು ಬರೆದಿಡಿ. ಹೋದ ಮೇಲೆ ದಾನಪತ್ರ ಮಾಡೋಣ ಅನ್ನುವ ಮೂರನೆಯ ದಾರಿ ಒಂದೇ ಮುಚ್ಚಿರುವುದು. ಮುಂದೆ ಅವಳು ಮಾರುವುದಾದರೆ ಇಲ್ಲಿ ವಾಸವಿರುವ ಭಾರತದ ಪೌರನಿಗೇ ಮಾರಬೇಕು. ತಂಗಿ ಇಲ್ಲೇ ಇದ್ದರೆ ಅವಳೇ ತೆಗೆದುಕೊಳ್ಳಬಹುದು. ಹಣ ಎನ್‌ಆರ್‌ಒ ಖಾತೆಗೆ (ಅನಿವಾಸಿಗಳು ಇಲ್ಲಿನ ಬ್ಯಾಂಕಿನಲ್ಲಿ ಇಡುವ ಖಾತೆ) ಬರುತ್ತದೆ, ಅಲ್ಲಿಂದ ತೆರಿಗೆ ಕಟ್ಟಿ ಆರ್ಥಿಕ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಮನೆ, ಫ್ಲಾಟಿಗೆ ಈ ತೋಟದ ನಿರ್ಬಂಧಗಳಿಲ್ಲ.

ಪತ್ರ ಬರೆಸುವಾಗ ಬರೀ ಆಧಾರ (ಜಾಗದ ಪತ್ರ) ಬರೆಯುವವರ ಮಾತು ಕೇಳಿ ಮುಗಿಸಬೇಡಿ. ಕಾಸರಗೋಡಿನ ಒಬ್ಬ ಸಿವಿಲ್ ವಕೀಲರಿಗೆ ಆಧಾರ, ತೆರಿಗೆ ರಸೀದಿ ತೋರಿಸಿ. ಮಗಳು ವಿದೇಶಕ್ಕೆ ಹೊರಟಿದ್ದಾಳೆ ಎಂಬುದನ್ನು ಅವರಿಗೆ ಮೊದಲೇ ಹೇಳಿ. ಅಳಿಯನಾಗುವವನಿಗೂ ಈ ವಾರ ಒಂದು ಕೆಲಸ ಕೊಡಿ: ವರ್ಗದ ಆರ್ಡರಿನಲ್ಲಿ ಹೆಂಡತಿಗೆ ಅನುಮತಿ ಸಿಗುತ್ತದೋ ಇಲ್ಲವೋ ಎಂದು ಜಾಗ್ ಕಚೇರಿಯಲ್ಲಿ ವಿಚಾರಿಸಿ ಬರಲಿ. ಆ ಉತ್ತರ ಬಂದ ಮೇಲೆ ಮುಹೂರ್ತ ನೋಡಿಸಿ.